ಬೇಕು ಅನ್ನೋರು ಹೊರಗೆ ಬನ್ನಿ

ಮುದುಕನಿಗೆ ನೆನಪು ಕೆಟ್ಟಿದೆ ಎಂದು ಗುಸುಗುಸು ಮಾಡುವವರು ಮೊದಲು ಬಾಯಿ ಮುಚ್ಚಿ. ನಿನ್ನೆ ಮಧ್ಯಾಹ್ನ ಏನು ತಿಂದಿರಿ ಎಂದರೆ ನೀವು ತಲೆ ಕೆರೆದುಕೊಳ್ಳುತ್ತೀರಿ. ಎಂಬತ್ತಾರನೆಯ ಇಸವಿ, ಮಾರ್ಚ್ ತಿಂಗಳ ಮೊದಲ ಮಂಗಳವಾರ, ನಮ್ಮ ಕಾರ್ವರ್ ಮಿಲ್ಸ್ ಊರಿನಲ್ಲಿ ಯಾರು ಯಾವ ಬಣ್ಣದ ಟೊಪ್ಪಿ ಹಾಕಿದ್ದರು ಎನ್ನುವುದೂ ನನಗೆ ಗೊತ್ತು. ನಂಬಿಕೆ ಇಲ್ಲದಿದ್ದರೆ ಅರ್ಲೀನ್ ಥಿಬೋಳನ್ನು ಕೇಳಿ. ಕಥೆ ಅವಳದೇ.

ಅರ್ಲೀನ್ ಹೈಸ್ಕೂಲಿನ ಅಡುಗೆಯವಳು. ವರ್ಷಕ್ಕೊಮ್ಮೆ ಆ ಮಂಗಳವಾರ ಊರಿನ ಮತದಾರರೆಲ್ಲ ಸಭಾಭವನದಲ್ಲಿ ಸೇರಿ ತೆರಿಗೆ ಎಷ್ಟು, ಖರ್ಚು ಯಾವುದಕ್ಕೆ ಎಂದು ಕೈಯೆತ್ತಿ ತೀರ್ಮಾನಿಸುತ್ತಾರಲ್ಲ, ಆ ನಾನೂರು ಚಿಲ್ಲರೆ ಹೊಟ್ಟೆಗೆ ಊಟ ಬೇಯಿಸುವವಳೂ ಅವಳೇ. ಮೂವತ್ತೊಂದು ವರ್ಷದಿಂದ ಊರಸಭೆಯನ್ನು ಅವಳು ಅಡುಗೆಮನೆಯ ಗೋಡೆಯ ಈಚೆಯಿಂದ ಕೇಳಿದ್ದಳೇ ಹೊರತು ಒಮ್ಮೆಯೂ ಕಣ್ಣಿಂದ ಕಂಡವಳಲ್ಲ.

ಹೈಸ್ಕೂಲಿನ ಚಪ್ಪಟೆ ಮಾಡು ಕುಸಿಯುತ್ತಿತ್ತು. ಮೂರು ಕೋಣೆಗಳ ಮೇಲೆ ನೀಲಿ ತಾಡಪಾಲು, ಒಳಗೆ ನೀರು ಹಿಡಿಯಲು ಬಕೆಟ್ಟು. ಊರು ಸಾಲ ಎತ್ತಿ ಹೊಸ ಕಟ್ಟಡ ಕಟ್ಟಬೇಕು, ಮನೆಮನೆಯ ತೆರಿಗೆಯಿಂದ ಇಪ್ಪತ್ತು ವರ್ಷ ತೀರಿಸಬೇಕು ಎನ್ನುವ ಪ್ರಸ್ತಾಪ ಎರಡು ಸಲ ಬಿದ್ದುಹೋಗಿತ್ತು. ಮೂರನೆಯ ಸಲವೂ ಬಿದ್ದರೆ ಶಾಲೆಗೆ ಬೀಗ. ಮಕ್ಕಳು ಬೆಟ್ಟ ದಾಟಿ ಬೇರೆ ಊರಿಗೆ ಬಸ್ಸಿನಲ್ಲಿ ಹೋಗಬೇಕು.

ಹಿಂದಿನ ವರ್ಷ ಸೋತದ್ದು ಆರೇ ಮತದಿಂದ. ಅಂದು ಸಂಜೆ ಪಾತ್ರೆ ಉಜ್ಜುತ್ತಿದ್ದ ಅರ್ಲೀನಳ ಕೈ ತಟ್ಟನೆ ನಿಂತಿತು. ಅಡುಗೆಮನೆಯಲ್ಲಿ ಹನ್ನೊಂದು ಹೆಂಗಸರು. ಒಬ್ಬಳೂ ಮತ ಹಾಕಿರಲಿಲ್ಲ. ಊರು ಕೈಯೆತ್ತುವ ಹೊತ್ತಿಗೆ ಇವರ ಕೈಯಲ್ಲಿ ಸೌಟು.

"ಶಾಲೆ ಸೋಲಿಸಿದ್ದು ಎಲ್ಸ್‌ವರ್ತ್ ಪೈಕ್ ಅಲ್ಲ ಕಣ್ರೇ," ಎಂದಳು. "ನಾವೇ."

ಎಲ್ಸ್‌ವರ್ತ್ ಪೈಕ್ ಇನ್ನೂರು ಹಸುಗಳ ಡೈರಿಯವನು. ಎಪ್ಪತ್ತೆಂಟು ವಯಸ್ಸು. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಜಮೀನು, ಹಾಗಾಗಿ ಎಲ್ಲರಿಗಿಂತ ಹೆಚ್ಚು ತೆರಿಗೆ. ಪ್ರತಿ ಸಲವೂ ಬೇಡ ಎಂದು ಮೊದಲು ಎದ್ದು ನಿಲ್ಲುವವನು ಅವನೇ. ಕೆಟ್ಟವನಲ್ಲ, ಹಟಮಾರಿ.

ಒಂದು ವರ್ಷವಿಡೀ ಅರ್ಲೀನಳಿಗೆ ಆ ಆರು ಮತ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಈ ಸಲ ಬೀನ್ಸ್ ಕಾಳಿಗೆ ಮೇಪಲ್ ಮರದ ಸಿಹಿ ಪಾಕ ಸುರಿಯುವಾಗಲೇ ಹತ್ತೂ ಜನಕ್ಕೆ ಹೇಳಿಬಿಟ್ಟಳು: "ಶಾಲೆ ವಿಷಯ ಬಂತು ಅಂದ್ರೆ ಸೌಟು ಕೆಳಗಿಟ್ಟು ನನ್ನ ಹಿಂದೆ ಬರಬೇಕು. ಸೀದರೆ ಸೀಯಲಿ."

"ನೀನು ಹೇಳ್ತಿದ್ದೀಯಾ ಇದನ್ನ? ಒಂದು ಕಾಳು ಕಪ್ಪಾದ್ರೆ ವಾರ ಮಾತು ಬಿಡೋಳು!" ಎಂದು ಬರ್ನೀಸ್ ನಕ್ಕಳು. ಬರ್ನೀಸ್ ಇಪ್ಪತ್ತು ವರ್ಷದಿಂದ ಅರ್ಲೀನಳ ಬಲಗೈ.

ಹನ್ನೊಂದೂವರೆಗೆ ವಿಷಯ ಬಂತು. ಪಾತ್ರೆಗಳ ಸದ್ದಿನಲ್ಲಿ ಅಡುಗೆಮನೆಗೆ ಗೊತ್ತಾಗುವ ಮೊದಲೇ ಕೈಯೆತ್ತಿಸಿ ಎಣಿಸಿದರು. ಮತ್ತೊಮ್ಮೆ ಎಣಿಸಿದಾಗ ಬೇರೆ ಲೆಕ್ಕ. ಎರಡು ಗೋಡೆಗಳ ಪಕ್ಕಕ್ಕೆ ಸರಿದು ನಿಲ್ಲಿ ಎನ್ನೋಣವೆಂದರೆ ಭವನದಲ್ಲಿ ಎಳ್ಳು ಹಾಕಲು ಜಾಗವಿರಲಿಲ್ಲ. ಸಭೆ ನಡೆಸುತ್ತಿದ್ದ ಮೆರಿಲ್ ಹ್ಯಾಚ್, ಊರಿನ ಬಡಗಿ, ಮೇಜು ಗುದ್ದಿದ.

"ಸಾಕು. ಬೇಕು ಅನ್ನೋರು ಹೊರಗೆ ಬನ್ನಿ. ಬೇಡ ಅನ್ನೋರು ಒಳಗಿರಿ. ತಲೆ ಎಣಿಸ್ತೀವಿ."

"ಅಧ್ಯಕ್ಷರೇ, ಹೊರಗೆ ಮೊಣಕಾಲುದ್ದ ಹಿಮ! ನಮ್ಮನ್ನೇ ಯಾಕೆ ಚಳಿಗೆ ತಳ್ತೀರಿ?" ಎಂದು ಬೇಕು ಎನ್ನುವವರಲ್ಲಿ ಯಾರೋ ಕೂಗಿದರು.

"ಬೇಕಾದೋರು ತಾನೇ ಎದ್ದೇಳ್ಬೇಕು? ಬೇಡದೋರ ಕೆಲಸ ಏನಿದ್ರೂ ಕೂತಿರೋದು."

ಭವನವೆಲ್ಲ ನಕ್ಕಿತು. ಎಲ್ಸ್‌ವರ್ತ್ ಕೂಡ. ನಗು ಇಳಿದ ಮೇಲೆ ಮೆರಿಲ್ ಇನ್ನೊಂದು ಮಾತು ಸೇರಿಸಿದ: "ಈ ಗೋಡೆಗಳ ಒಳಗೆ ಯಾರಿದ್ರೂ ಬೇಡ ಅಂದ ಲೆಕ್ಕ. ಅಡುಗೆಮನೆನೂ ಸೇರಿ."

ಆ ಮಾತು ಅಡುಗೆಮನೆಯಲ್ಲಿ ಅರ್ಲೀನಳ ಕಿವಿಗೆ ಬಿತ್ತು. ಹಿಂದೆಲ್ಲ ಸುಮ್ಮನಿದ್ದರೆ ಒಂದು ಮತ ಕಡಿಮೆ, ಅಷ್ಟೇ. ಈಗ ಸುಮ್ಮನಿದ್ದರೆ ಎದುರು ಪಕ್ಷಕ್ಕೆ ಒಂದು ಮತ ಜಾಸ್ತಿ. ಒಲೆಯ ಮೇಲೆ ಆರು ಪಾತ್ರೆ ಕುದಿಯುತ್ತಿದ್ದವು, ಓವನ್ನಿನಲ್ಲಿ ಇನ್ನೂರು ಬನ್ನು. ಅವಳು ಏಪ್ರನ್ ಸಮೇತ ಹೊರಟಳು. "ಏಳಿ, ಏಳ್ರೇ."

ಒಂಬತ್ತು ಜನ ಎದ್ದರು. ಬರ್ನೀಸ್ ಎದ್ದೇಳಲಿಲ್ಲ.

"ನಾನು ಬರೋಲ್ಲ ಅರ್ಲೀನ್."

"ಕಾಳು ಸೀದರೆ ಸೀಯಲಿ ಅಂದ್ನಲ್ಲೇ."

"ಕಾಳಿಗಲ್ಲ. ನಂದು ಬೇಡ ಅಂತ. ಮನೆ ತೆರಿಗೆ ಕಟ್ಟೋಕೇ ಆಗ್ತಿಲ್ಲ ನಮಗೆ. ಹೋದ ವರ್ಷನೂ ಬೇಡ ಅಂತಲೇ ಇತ್ತು. ನೀನು ಕೇಳಲಿಲ್ಲ."

ಅರ್ಲೀನ್ ಅವಳತ್ತ ತಿರುಗಿದಳು. ಹನ್ನೊಂದು ಕೈಯನ್ನೂ ತನ್ನದೇ ಕೈ ಎಂದು ವರ್ಷವಿಡೀ ಕೂಡಿಸಿಟ್ಟಿದ್ದಳಲ್ಲ! ಬಯ್ಯಲು ಹೊತ್ತಿರಲಿಲ್ಲ. ತನ್ನ ಸೌಟನ್ನು ಬರ್ನೀಸಳ ಕೈಗೆ ಕೊಟ್ಟಳು.

"ತಳ ಹಿಡಿಯೋಕೆ ಬಿಡಬೇಡ," ಎಂದಳು. ಅಷ್ಟೇ.

ಭವನ ದಾಟುವಾಗ ಎಲ್ಸ್‌ವರ್ತ್ ಕಂಡ. "ಏನಮ್ಮ, ಊಟ ಬಿಟ್ಟು ಹೊರಟೆ?"

"ಈ ಸಲ ಊಟಕ್ಕಿಂತ ಮುಂಚೆ ಇನ್ನೊಂದು ಕೆಲಸ ಇದೆ ಎಲ್ಸ್‌ವರ್ತ್."

"ಒಲೆ ಹತ್ರ ಯಾರಿದಾರೆ?"

"ಬರ್ನೀಸ್ ಒಬ್ಬಳೇ."

ಮುದುಕ ಗೊಣಗುತ್ತ ಎದ್ದ. ಕೋಟು ಕುರ್ಚಿಗೆ ಹಾಕಿದ, ತೋಳು ಮಡಚಿದ, ಅಡುಗೆಮನೆಯ ಕಡೆ ನಡೆದ. "ಆರು ಪಾತ್ರೆ ಒಬ್ಬಳೇ ಹೆಂಗೆ ಕಲಕ್ತಾಳೆ? ಎಲ್ಲಿದ್ರೂ ನಾನು ಒಳಗಿನೋನೇ ತಾನೇ."

ಬಾಗಿಲು ದಾಟಿದ ಅರ್ಲೀನ್ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

ಇಳಿಜಾರಿನ ತುಂಬ ಜನ. ಮರ ಕಡಿಯುವವರು, ಮೇಷ್ಟ್ರುಗಳು, ಹಾಲಿನ ಲಾರಿಯವನು, ಕಂಕುಳಲ್ಲಿ ಕೂಸು ಹೊತ್ತ ತಾಯಂದಿರು, ಕೈಗವಸು ಮರೆತು ಬಂದವರು. ಎಲ್ಲರೂ ಹಿಮದಲ್ಲಿ ಸುಮ್ಮನೆ ನಿಂತಿದ್ದರು. ಯಾರೂ ಸಾಲಾಗಿ ನಿಲ್ಲಿ ಎಂದಿರಲಿಲ್ಲ, ಸಾಲಾಗಿದ್ದರು. ಯಾರೂ ಮಾತಾಡಬೇಡಿ ಎಂದಿರಲಿಲ್ಲ, ಒಂದು ಸೊಲ್ಲಿಲ್ಲ. ಅಷ್ಟು ಜನರ ಉಸಿರಿನ ಹಬೆ ತಲೆಗಳ ಮೇಲೆ ಒಂದೇ ಮೋಡವಾಗಿ ನಿಂತಿತ್ತು. ರಸ್ತೆಯಾಚೆ ಶಾಲೆಯ ನೀಲಿ ತಾಡಪಾಲು ಗಾಳಿಗೆ ಪಟಪಟ ಬಡಿಯುತ್ತಿತ್ತು, ಇದ್ದ ಸದ್ದು ಅದೊಂದೇ.

ಗೋಡೆಯಾಚೆ ಇದ್ದದ್ದು ಇದು, ಎಂದುಕೊಂಡಳು. ಮೂವತ್ತೊಂದು ವರ್ಷ ಇದಕ್ಕೆ ಊಟ ಹಾಕಿದೆ, ಇದನ್ನು ನೋಡಲೇ ಇಲ್ಲ.

ಆಗ ಇಬ್ಬರು ಗಂಡಸರು ತೊಂಬತ್ತೊಂದು ವಯಸ್ಸಿನ ಕೋರಾ ಟೀಚರನ್ನು ಕುರ್ಚಿ ಸಮೇತ ಹೊತ್ತು ತಂದು ಹಿಮದಲ್ಲಿ ಇಳಿಸಿದರು. ಒಬ್ಬ ಅಲ್ಲೇ ಕುರ್ಚಿಯ ಪಕ್ಕ ನಿಂತ. ಇನ್ನೊಬ್ಬ ಮುದುಕಿಯ ಕಾಲಿಗೆ ಕಂಬಳಿ ಸರಿಯಾಗಿ ಸುತ್ತಿ, ಬೂಟಿನ ಹಿಮ ಕೊಡವಿ, ಒಳಗೆ ಹೋಗಿ ಬೇಡ ಎನ್ನುವವರ ನಡುವೆ ಕೂತ. ಯಾರೂ ಅವನನ್ನು ಏನೂ ಅನ್ನಲಿಲ್ಲ.

ಊರ ಗುಮಾಸ್ತೆ ಒಬ್ಬೊಬ್ಬರ ಭುಜ ಮುಟ್ಟಿ ಎಣಿಸುತ್ತ ಬಂದಳು. ಅರ್ಲೀನಳ ಭುಜದ ಮೇಲೆ ಕೈ ಇಟ್ಟಳು. "ನೂರಾ ಎಂಬತ್ತನಾಲ್ಕು."

ಇಷ್ಟು ವರ್ಷ ಅವಳು ತಟ್ಟೆ ಎಣಿಸಿದ್ದಳು, ಬನ್ನು ಎಣಿಸಿದ್ದಳು. ಅವಳನ್ನು ಯಾರೂ ಎಣಿಸಿರಲಿಲ್ಲ.

ಮೆರಿಲ್ ಮೆಟ್ಟಿಲ ಮೇಲೆ ಬಂದು ಚೀಟಿ ಓದಿದ. "ಒಳಗೆ, ಇನ್ನೂರ ಹನ್ನೊಂದು." ಚೀಟಿ ತಿರುಗಿಸಿದ. "ಹೊರಗೆ, ಇನ್ನೂರ ಹತ್ತೊಂಬತ್ತು."

ಎಂಟು ಮತ. ಆ ಹತ್ತು ಜನ ಒಲೆಯ ಮುಂದೆಯೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ನೀವೇ ಲೆಕ್ಕ ಹಾಕಿ. ಚಪ್ಪಾಳೆ ಬೀಳಲಿಲ್ಲ, ಕೂಗು ಏಳಲಿಲ್ಲ. ದೊಡ್ಡ ಭಾರವನ್ನು ತಾವೇ ಕೇಳಿ ತಲೆಯ ಮೇಲೆ ಹೊತ್ತವರ ಹಾಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕೋರಾ ಟೀಚರ್ ಶಾಲೆಯ ಕಡೆ ತಿರುಗಿ ಗೌರವಕ್ಕೆ ಟೊಪ್ಪಿ ತೆಗೆದರು. ಅವರನ್ನು ನೋಡಿ ಒಬ್ಬೊಬ್ಬರಾಗಿ ಎಲ್ಲರೂ ತೆಗೆದರು.

ಎಲ್ಸ್‌ವರ್ತ್ ಬಾಗಿಲಿಗೆ ಬಂದ. ಮೊಣಕೈವರೆಗೆ ಪಾಕ ಅಂಟಿತ್ತು. "ಆಯ್ತು, ಕಟ್ಟಿ. ಚಪ್ಪಟೆ ಮಾಡು ಮಾತ್ರ ಬೇಡ. ನನ್ನ ದುಡ್ಡಲ್ಲಿ ಇನ್ನೊಂದು ಸಲ ಸೋರಬಾರದು."

"ಇಳಿಜಾರು ಮಾಡೇ ಹಾಕ್ಸೋಣ, ಕಟ್ಟಡದ ಸಮಿತಿಗೆ ನೀವೂ ಬನ್ನಿ," ಎಂದಳು ಅರ್ಲೀನ್.

"ಬರ್ತೀನಿ. ಬಿಟ್ರೆ ನೀವು ಕೆಡಿಸ್ತೀರಿ."

ಜನ ಒಳಗೆ ಹೋದರೂ ಅವಳು ಸ್ವಲ್ಪ ಹೊತ್ತು ಅಲ್ಲೇ ಇದ್ದಳು. ಇಳಿಜಾರಿನ ಹಿಮದಲ್ಲಿ ಅಷ್ಟೂ ಜನರ ಹೆಜ್ಜೆಗುರುತು ಹಾಗೇ ಇತ್ತು. ತನ್ನದು ಯಾವುದು ಎಂದು ಹುಡುಕಿದಳು. ಗೊತ್ತಾಗಲಿಲ್ಲ.

ನಾನು ಹೇಳಬೇಕಾದ್ದು ಹೇಳಿದೆ. ಇದನ್ನು ನಿಮ್ಮ ಫೋನಿನಲ್ಲೇ ಕೊಳೆಯಲು ಬಿಡಬೇಡಿ, ನಾಲ್ಕು ಜನಕ್ಕೆ ಕಳಿಸಿ. ನಿಮ್ಮ ಊರಿನಲ್ಲೂ ಸಭೆ ನಡೆಯುವಾಗ ಗೋಡೆಯ ಈಚೆ ಅಡುಗೆ ಮಾಡುವವರು ಇರುತ್ತಾರಲ್ಲ, ಮೊದಲು ಅವರಿಗೆ ಕಳಿಸಿ.