ಗುಡುಗವ್ವನ ಬ್ಲಾಕು

ನಾನು ಪುಸ್ತಕಗಳಲ್ಲಿ ಚಿತ್ರ ಅಚ್ಚೊತ್ತುವ ಒಂದು ಸತುವಿನ ಬ್ಲಾಕು. ಮೇಲೆ ಅಂಗೈಯಗಲದ ತಗಡು, ಕೆಳಗೆ ಮರದ ತುಂಡು. ಗದಗಿನಲ್ಲಿ ಆಸಿಡ್ಡಿನ ತೊಟ್ಟಿಯಿಂದ ಎದ್ದು ಬಂದಾಗಲೇ ನನ್ನ ಮೈಮೇಲೆ ಗುಡುಗವ್ವ ಎಂಬ ರಾಕ್ಷಸಿ ಇದ್ದಳು. ಕೆದರಿದ ಕೂದಲು, ಗುಡ್ಡೆಗಣ್ಣು, ತುಟಿ ದಾಟಿ ಬಂದ ಒಂದೇ ಒಂದು ಕೋರೆಹಲ್ಲು.

ಅವಳನ್ನು ಮಕ್ಕಳ ಕಥೆಪುಸ್ತಕಕ್ಕಾಗಿ ಬರೆದವನು ವಿರೂಪಾಕ್ಷ ಚಿತ್ರಗಾರ. ಎಷ್ಟು ಬರೆದರೂ ರಾಕ್ಷಸಿ ಅವನಿಗೆ ಒಲಿದಿರಲಿಲ್ಲ. ಒಂದು ದಿನ ಅಕ್ಕ ನೀಲವ್ವ ಅಂಗಳದಲ್ಲಿ ಕೂದಲು ಒಣಗಿಸುತ್ತ ಕೂತಿದ್ದಳು. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ.

"ಯಕ್ಕಾ, ಸ್ವಲ್ಪ ಹಲ್ಲು ಕಿಸಿ."

"ನಾ ಏನು ರಾಕ್ಷಸಿ ಏನೋ ಮೂಳಾ?" ಎಂದು ನಗುತ್ತಲೇ ಕಿಸಿದಳಂತೆ. ಅವಳದು ಒಂದಿಷ್ಟು ಉಬ್ಬುಹಲ್ಲು. ಅವನು ಅದನ್ನೇ ಎಳೆದು ಕೋರೆ ಮಾಡಿದ. ಮಾಡಿದವನು ಸುಮ್ಮನಿರಬಾರದೇ? ಪ್ರೆಸ್ಸಿಗೆ ಬಂದು ಎಲ್ಲರೆದುರು ಹೆಮ್ಮೆಯಿಂದ ಹೇಳಿಕೊಂಡ. ಅಲ್ಲಿಂದ ಸುದ್ದಿ ಊರಿಗೆಲ್ಲ ಹಬ್ಬಿತು.

ಪುಸ್ತಕ ಮೇಲಿಂದ ಮೇಲೆ ಅಚ್ಚಾಯಿತು. ನಾಟಕದವರು ತಮ್ಮ ರಾಕ್ಷಸಿಗೆ ಅದೇ ಹಲ್ಲು ಕಟ್ಟಿದರು, ಸಿನಿಮಾದವರೂ ಅದನ್ನೇ ಕಟ್ಟಿದರು. ಲಾರಿಗಳ ಹಿಂದೆ, ಕಟ್ಟುತ್ತಿರುವ ಮನೆಗಳ ಮುಂದೆ, ದೃಷ್ಟಿ ತಾಗದಿರಲೆಂದು ಅದೇ ಮುಖ ತೂಗುಹಾಕಿದರು. ನನಗೋ ಗರ್ವ ನೆತ್ತಿಗೇರಿತ್ತು.

ನೀಲವ್ವ ನೀರಿಗೆ ಹೋದರೆ ಹುಡುಗರು "ಗುಡುಗವ್ವ ಬಂದ್ಳೋ!" ಎಂದು ಕೂಗುತ್ತ ಓಡುತ್ತಿದ್ದರು. ಮೊದಮೊದಲು ಅವಳೂ ಕಣ್ಣು ತಿರುವಿ ಹೆದರಿಸಿದಳು. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮಗಳ ಮದುವೆಯಲ್ಲಿ ಒಂದು ಫೋಟೊಕ್ಕೂ ನಿಲ್ಲಲಿಲ್ಲ.

ಅದನ್ನು ಕಂಡ ವಿರೂಪಾಕ್ಷ ಮುಂದಿನ ಅಚ್ಚಿಗೆಂದು ಬೇರೊಂದು ರಾಕ್ಷಸಿಯನ್ನು ಬರೆದು ತಂದ. ಪ್ರೆಸ್ಸಿನ ಮಾಲೀಕ ಸಂಗನಬಸಪ್ಪ ನಕ್ಕುಬಿಟ್ಟ.

"ಇಕಿ ಯಾರ್ರೀ? ಗುಡುಗವ್ವ ಹೆಂಗ ಇರ್ತಾಳಂತ ಸಣ್ಣ ಕೂಸಿಗೂ ಗೊತ್ತೈತಿ. ಬರದವ್ರು ನೀವಾದ್ರೂ ಅಕಿ ಈಗ ನಿಮ್ಮ ಕೈಯಾಗ ಇಲ್ಲ."

ಅಚ್ಚಿನ ಮೊಳೆ ಜೋಡಿಸುವ ಕಾಲ ಮುಗಿದು ಆ ಪ್ರೆಸ್ಸು ಮುಚ್ಚಿದಾಗ ವಿರೂಪಾಕ್ಷ ನನ್ನನ್ನು ಕೇಳಿ ತಂದು ಟ್ರಂಕಿನ ತಳಕ್ಕೆ ಹಾಕಿದ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಪೇಂಟರುಗಳ ಕೈಗೆ ಆ ಮುಖ ಯಾವತ್ತೋ ಬಾಯಿಪಾಠವಾಗಿತ್ತು.

ಹೋದ ವರ್ಷ ನೀಲವ್ವ ತೀರಿಕೊಂಡಳು. ಪೂಜೆಗೆ ಇಡಲು ಒಂದು ಫೋಟೊ ಇಲ್ಲ.

"ಮಾಮಾ, ನೀನ ಬರದು ಕೊಡು. ಅವ್ವನ ಮಾರಿ ನಿನ್ನಷ್ಟು ಯಾರು ನೋಡ್ಯಾರ?" ಎಂದಳು ಮಗಳು ಶಿವಲೀಲಾ.

ಅವನು ಬರೆಯಲು ಕೂತ. ಕಣ್ಣು ಬರೆದರೆ ಗುಡುಗವ್ವನ ಕಣ್ಣು. ತುಟಿ ಬರೆದರೆ ಕೈ ತಾನಾಗಿ ಕೋರೆ ಇಳಿಸುತ್ತಿತ್ತು. ಹಾಳೆಗಳನ್ನು ಹರಿದು ಹಾಕಿ ಟ್ರಂಕು ತೆಗೆದ. ನನ್ನನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ ಸವರಿ ಅಕ್ಕನನ್ನು ಹುಡುಕಿದ. ನನ್ನಲ್ಲಿ ರಾಕ್ಷಸಿ ಒಂದು ಗೆರೆಯೂ ಸವೆಯದೆ ಉಳಿದಿದ್ದಳು. ತಮ್ಮನಿಗಾಗಿ ನಗುತ್ತ ಹಲ್ಲು ಕಿಸಿದ ಆ ಹೆಂಗಸು ಮಾತ್ರ ಎಲ್ಲೂ ಇರಲಿಲ್ಲ. ಲೆಕ್ಕವಿಲ್ಲದಷ್ಟು ಸಲ ಅವಳ ಹಲ್ಲನ್ನು ಒತ್ತಿದ ನನಗೆ ಅವಳ ಮುಖವೇ ಗೊತ್ತಿಲ್ಲವಲ್ಲ ಎಂದು ಆಗ ನಾಚಿಕೆಯಾಯಿತು.

ಅವನು ನನ್ನನ್ನು ಮತ್ತೆ ಟ್ರಂಕಿಗೆ ಹಾಕಲಿಲ್ಲ. ಕಿಟಕಿಯಲ್ಲಿ ಧೂಳು ತಿನ್ನುತ್ತ ಬಿದ್ದಿದ್ದೇನೆ, ಇಲ್ಲಿಂದ ನಡುಮನೆ ಕಾಣುತ್ತದೆ. ಕೊನೆಗೆ ಅವನು ಬರೆದುಕೊಟ್ಟದ್ದು, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿರುವ ಒಬ್ಬ ಹೆಂಗಸಿನ ಬೆನ್ನು. ಪೂಜೆಯ ದಿನ ಅದಕ್ಕೇ ಗಾಜು ಹಾಕಿಸಿ ಮಾಲೆ ಹಾಕಿದರು. ಶಿವಲೀಲಾ ಬೆರಳಿಗೆ ವಿಭೂತಿ ತೆಗೆದುಕೊಂಡಳು, ಹಣೆ ಎಲ್ಲೆಂದು ತಿಳಿಯದೆ ಹಾಗೆಯೇ ನಿಂತಳು.