ಸಮ್ಮೇಳನದ ಅಂಗಿ

ಅಂಗಿಯ ಎದೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ನೋಡು, ವಿವೇಚಿಸು, ಕೈಹಾಕು. ಕೈಹಾಕಿದವಳು ನನ್ನಕ್ಕ. ಬೆಂದದ್ದೂ ಅವಳದೇ ಕೈ.

ಕೆಲಸಗಾರ ಯುವಜನರ ನಮ್ಮ ಕಥೋಲಿಕ ಚಳವಳಿಗೆ ಎಷ್ಟೋ ದೇಶಗಳಲ್ಲಿ ಬಳಗಗಳಿವೆ; ಅಂಗಿಯ ಮೇಲಿನ ಆ ಮೂರು ಮಾತು ಅದರ ಘೋಷವಾಕ್ಯ. ಈ ಸಲದ ಸಮ್ಮೇಳನ ನಮ್ಮೂರಲ್ಲಿ. ಅಂಗಿಗಳು ನಮ್ಮ ಗಾರ್ಮೆಂಟ್ಸ್ ಮಾಲೀಕರ ಕೊಡುಗೆ. ಕೊಟ್ಟವರು ಅವರು, ಬೆವರು ನಮ್ಮದು. ಬಾಯಿ ತೆರೆದರೆ 'ಬೇಗ' ಎನ್ನುವ ಸೂಪರ್‌ವೈಸರಿಗೆ ನಾವಿಟ್ಟ ಹೆಸರು ಬೇಗಪ್ಪ. ಇಸ್ತ್ರಿ ಯಂತ್ರದೊಳಗೆ ಕೈ ಹೋಗದಂತೆ ತಡೆಯುವ ಜಾಲರಿಯನ್ನೇ ಅವನು ಬಿಚ್ಚಿಸಿದ. ಅದನ್ನು ಎತ್ತಿ ಇಳಿಸುತ್ತ ಕೂತರೆ ತಡವಂತೆ! ಈ ಅಂಗಿಗಳಿಗೇ ಇಸ್ತ್ರಿ ಹಾಕುತ್ತಿದ್ದ ಅಕ್ಕನ ಬಲಗೈ ಒಳಗೆ ಸಿಕ್ಕಿತು. ಮರುದಿನವೇ 'ಅಜಾಗರೂಕತೆ' ಎಂದು ಅವಳನ್ನು ಮನೆಗೆ ಕಳಿಸಿದರು. ಯಂತ್ರ ಮಾತ್ರ ಬಹಳ ಜಾಗರೂಕ ಪ್ರಾಣಿ, ಇನ್ನೂ ಕೆಲಸದಲ್ಲಿದೆ.

ಚರ್ಚಿನ ಹಿಂದಿನ ಕೋಣೆಯಲ್ಲಿ ಬಳಗ ಸೇರಿತು. ನಮ್ಮಲ್ಲಿ ಮೊದಲು ಪ್ರತಿಯೊಬ್ಬರೂ ಕೆಲಸದಲ್ಲಿ ಕಂಡದ್ದನ್ನು ಹೇಳಬೇಕು. ಆಮೇಲೆ ಅದನ್ನು ತೂಗಬೇಕು. ಫಾದರ್ ಮಾತಾಡುವುದು ಕೊನೆಗೆ.

ಅಕ್ಕ ಶುರುಮಾಡಿದಳು. "ಜಾಲರಿ ಬಿಚ್ಚಿದ್ದು ನಾನಲ್ಲ..."

"ಮಗಳೇ, ನಾಳೆ ಹೊರದೇಶದೋರು ಬರ್ತಾರೆ," ಫಾದರ್ ಬಾಯಿ ಹಾಕಿದರು. "ಇದೆಲ್ಲ ಈಗ ಯಾಕಮ್ಮ? ಮಾಲೀಕರು ದೊಡ್ಡ ಮನಸ್ಸಿನೋರು. ಲೋ ಗಿಳಿ, ನಿಂದೊಂದು ಮಿಮಿಕ್ರಿ ಇಟ್ಕೊಳ್ಳೋಣ, ಎಲ್ಲ ನಗ್ಲಿ."

ಗಿಳಿ ಎಂದರೆ ನಾನು.

"ಫಾದರ್," ಎಂದಳು ಬಳಗದ ಅಧ್ಯಕ್ಷೆ, ಕಾಲರ್ ಹೊಲಿಯುವವಳು. "ನಿಮ್ಮ ಸರದಿ ಇನ್ನೂ ಬಂದಿಲ್ಲ."

"ಅಲ್ಲಮ್ಮ, ಒಂದು ಮಾತು..."

"ಕೊನೇಲಿ. ನೀವೇ ಕಲಿಸಿದ್ದು."

ಅಕ್ಕ ಎಲ್ಲ ಹೇಳಿ ಮುಗಿಸಿದಳು. ಅವಳ ಕೈ ಸಿಕ್ಕಿದಾಗ ಪಕ್ಕದ ಮೇಜಿನಲ್ಲಿ ಅಂಗಿ ಮಡಚುತ್ತಿದ್ದ ನಾನು, ಆಗ ಕೇಳಿಸಿದ್ದನ್ನು ಕೇಳಿಸಿದ ದನಿಯಲ್ಲೇ ಒಪ್ಪಿಸಿದೆ: "ಅಳೋದು ಆಮೇಲೆ! ಇನ್ನೊಂದು ಕೈ ಇದೆಯಲ್ಲ, ಬೇಗ, ಬೇಗ!"

ನಾನು ಬೇಗಪ್ಪನ ದನಿ ತೆಗೆದರೆ ಬಿದ್ದು ಬಿದ್ದು ನಗುವವರು ಅಂದು ನಗಲಿಲ್ಲ. ಏನು ಮಾಡಬೇಕೆಂದು ತೀರ್ಮಾನಿಸಿದೆವು. ಸರದಿ ಬಂದಾಗ ಫಾದರ್, "ನನ್ನದೇನೂ ಇಲ್ಲ" ಎಂದರು.

ಮರುದಿನ ಅತಿಥಿಗಳೆಲ್ಲ ಹೊಸ ಅಂಗಿಯಲ್ಲಿ ಮಿಂಚುತ್ತಿದ್ದರು. ಫಾದರ್ ನಿಲುವಂಗಿಯ ಮೇಲೆಯೇ ಅದನ್ನು ತೊಟ್ಟಿದ್ದರು. ನಾವು ಮಾತ್ರ ಹಳೇ ಬಟ್ಟೆಯಲ್ಲಿ ವೇದಿಕೆ ಹತ್ತಿ, ನಮ್ಮ ಪಾಲಿನ ಅಂಗಿಗಳನ್ನು ಅಲ್ಲಿ ಕೂತಿದ್ದ ಮಾಲೀಕರ ಮುಂದೆ ರಾಶಿ ಹಾಕಿದೆವು. ಅಕ್ಕ ಬ್ಯಾಂಡೇಜಿನ ಕೈ ಎತ್ತಿ ನಿಂತಳು.

"ಇವಳಿಗೆ ಕೆಲಸ ವಾಪಸ್ ಕೊಡಿ, ಯಂತ್ರಕ್ಕೆ ಜಾಲರಿ ಹಾಕ್ಸಿ," ಎಂದಳು ಕಾಲರ್‌ನವಳು. "ಆಮೇಲೆ ನಾವು ಇದನ್ನ ಹಾಕ್ಕೋತೀವಿ."

ಅತಿಥಿಗಳಲ್ಲೊಬ್ಬ, ಯಾವುದೋ ದೇಶದ ಬೇಕರಿ ಹುಡುಗ, ಅಂಗಿ ಕಳಚಿ ಬನಿಯನ್ನಿನಲ್ಲಿ ನಿಂತ. ಫಾದರೂ ಕಳಚಹೋದರು; ತಲೆ ಸಿಕ್ಕಿಕೊಂಡಿತು. ಕಾಲರ್‌ನವಳೇ ಹೋಗಿ ಎಳೆದು ಬಿಡಿಸಿದಳು.

ಮಾಲೀಕರು ಮೈಕಿನ ಮುಂದೆ ಬಂದರು. ಕೆಮ್ಮಿದರು, ಕರವಸ್ತ್ರ ಹುಡುಕಿದರು, ಪಕ್ಕದಲ್ಲಿದ್ದ ಬೇಗಪ್ಪನ ಮುಖ ನೋಡಿದರು. ಅವನ ಕೆಲಸವನ್ನು ನಾನೇ ಮಾಡಿದೆ, ಅವನದೇ ದನಿಯಲ್ಲಿ:

"ಬೇಗ, ಬೇಗ!"