ತಪಾಸಣೆ ಆಗುವವರೆಗೆ

"ಸಹಿ ಅವರದ್ದೇ ಬೇಕಮ್ಮಾ. ನಿಮ್ಮದು ನಡೆಯೋಲ್ಲ. ಎಷ್ಟು ಸಲ ಹೇಳ್ಬೇಕು ನಿಮಗೆ?"

ಗಾಜಿನ ಆಚೆ ಕೂತಿದ್ದ ಹೆಂಗಸು ಅರ್ಜಿಯ ಕಾಗದವನ್ನು ಕಿಂಡಿಯಿಂದ ಹೊರಗೆ ತಳ್ಳಿದಳು. ಎಲಾದಿಯಾ ಅದನ್ನು ಮತ್ತೆ ಒಳಗೆ ತಳ್ಳಿದಳು. ಬೆಳಗ್ಗೆ ಏಳರಿಂದ ವಿಮೆ ಕಂಪನಿಯ ಬಾಗಿಲಲ್ಲಿ ಸಾಲು ನಿಂತು ಅವಳ ಕಾಲು ಬಾತುಕೊಂಡಿದ್ದವು. ಹೋಟೆಲಿನ ಲಾಂಡ್ರಿಯಲ್ಲಿ ಒಂದು ದಿನದ ರಜೆ ಬೇಡಿಕೊಂಡು, ಎರಡು ವ್ಯಾನು ಬದಲಿಸಿ ಬಂದಿದ್ದಳು.

"ಅವ್ನು ಸತ್ತೋದ ಕನವ್ವಾ."

ಹೆಂಗಸು ಕಂಪ್ಯೂಟರಿನ ಕೀಲಿಗಳನ್ನು ಟಕಟಕ ಒತ್ತಿದಳು. "ನಮ್ಮಲ್ಲಿ ಹಾಗೇನೂ ತೋರಿಸ್ತಿಲ್ಲ. ಅನ್ಸೆಲ್ಮೊ ಲಬೋಯ್, ಪಾಲಿಸಿದಾರರು. ಇಲ್ಲಿ ಬದುಕಿದ್ದಾರೆ."

"ಎಲ್ಲಿ ಬದುಕವ್ನೆ?"

"ಇಲ್ಲಿ. ಕಂಪ್ಯೂಟರಲ್ಲಿ."

ಎಲಾದಿಯಾ ಗಾಜಿಗೆ ಹಣೆ ತಾಗುವಷ್ಟು ಬಗ್ಗಿದಳು. "ಹಂಗಾದ್ರೆ ಒಸಿ ಕರೀ ತಾಯಿ ಅವ್ನ. ಎರಡು ಮಾತಾಡ್ಬೇಕಾಗದೆ. ಅವತ್ತು ಮಲಗಿದ್ದ ಅಂತ, ಏಳಿಸ್ದಂಗೆ ಕೆಲ್ಸಕ್ಕೆ ವೋಗ್ಬುಟ್ಟೆ."

ಸಾಲಿನಲ್ಲಿ ಹಿಂದೆ ನಿಂತಿದ್ದ ಯಾರೋ ಕಿಸಕ್ಕೆಂದರು. ಪಕ್ಕದವರು ಅವರನ್ನು ತಿವಿದಿರಬೇಕು, ನಗು ಅಲ್ಲೇ ನಿಂತಿತು. ಕಾವಲಿನವನು ಬಂದು ಎಲಾದಿಯಾಳ ಮೊಣಕೈ ಮುಟ್ಟಿದ. ಗಾಜಿನಾಚೆಯ ಹೆಂಗಸು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಮರಣ ಪತ್ರ, ಮದುವೆ ಪತ್ರ, ಕೋರ್ಟಿನಿಂದ ವಾರಸುದಾರಿಕೆ ಪತ್ರ.

"ಮೂರನ್ನೂ ತಂದು ಹೊಸದಾಗಿ ಅರ್ಜಿ ಹಾಕಿ."

"ಹೊಸದಾಗಾ? ಹಳೇದು?"

"ಹಳೇದು ಅವರ ಹೆಸರಲ್ಲಿತ್ತಲ್ಲಮ್ಮ. ನೆಕ್ಸ್ಟ್!"

*

ಅದಕ್ಕೆ ಆರೇಳು ತಿಂಗಳ ಹಿಂದೆ ಪೋರ್ಟೊ ರಿಕೊ ದ್ವೀಪವನ್ನು ಚಂಡಮಾರುತವೊಂದು ಆಗ್ನೇಯ ಮೂಲೆಯಿಂದ ಹೊಕ್ಕು ಉದ್ದಕ್ಕೂ ಉಜ್ಜಿಕೊಂಡು ಹೋಗಿತ್ತು. ಆ ಮೂಲೆಯಲ್ಲೇ ಪಾಲ್ಮಾ ಸೋಲಾ ಎಂಬ ಕೇರಿ. ಅನ್ಸೆಲ್ಮೊ ಅಲ್ಲಿ ಹುಟ್ಟಿದವನು. ಸಕ್ಕರೆ ಕಾರ್ಖಾನೆ ಮುಚ್ಚುವ ತನಕ ಕಬ್ಬು ಕಡಿದ, ಮುಚ್ಚಿದ ಮೇಲೆ ಪುರಸಭೆಯ ರಸ್ತೆ ಗುಡಿಸಿದ. ಐವತ್ತು ದಾಟಿದ ಮೇಲೆ ಬ್ಯಾಂಕಿನ ಸಾಲದಲ್ಲಿ ಮನೆ ಕಟ್ಟಿಸಿದ. ಸಿಮೆಂಟಿನ ಗೋಡೆ, ತಗಡಿನ ಸೂರು. ವಿಮೆ ಇಲ್ಲದೆ ಸಾಲವಿಲ್ಲ ಎಂದಿದ್ದರು ಬ್ಯಾಂಕಿನವರು. ಕಂತಿನ ಜೊತೆಯಲ್ಲೇ ಅದನ್ನೂ ಹಿಡಿದುಕೊಳ್ಳುತ್ತಿದ್ದರು. "ಮನೆಗೇನಾದ್ರೂ ಆದ್ರೆ ಕಂಪನಿ ನೋಡ್ಕೊಳ್ತದೆ" ಎಂದು ಹೇಳಿ ಬೆನ್ನು ತಟ್ಟಿದ್ದರು. ಅವನ ಬೆನ್ನನ್ನು ಕಚೇರಿಯೊಂದರಲ್ಲಿ ಯಾರಾದರೂ ತಟ್ಟಿದ್ದು ಅದೇ ಮೊದಲು.

ಗಾಳಿ ನಿಂತ ಬೆಳಿಗ್ಗೆ ಬಚ್ಚಲಲ್ಲಿ ಅವಿತಿದ್ದ ಗಂಡ ಹೆಂಡತಿ ಹೊರಗೆ ಬಂದು ನೋಡಿದರೆ ಅಡಿಗೆಮನೆಯ ಮೇಲೆ ಆಕಾಶ. ಅರ್ಧ ಸೂರು ಎತ್ತಲೋ ಹಾರಿಹೋಗಿತ್ತು. ಉಳಿದ ಅರ್ಧದ ತಗಡು ಎದ್ದು ಪಟಪಟ ಬಡಿದುಕೊಳ್ಳುತ್ತಿತ್ತು.

ಫೋನು ಸಿಗುವ ಜಾಗವೆಂದರೆ ಗುಡ್ಡದ ಮೇಲಿನ ಒಂದು ತಿರುವು. ಹದಿನಾಲ್ಕನೆಯ ದಿನ ಅನ್ಸೆಲ್ಮೊ ಅಲ್ಲಿ ನಿಂತು ಕಂಪನಿಗೆ ಮಾತಾಡಿ ಬಂದ. ಮುಖದಲ್ಲಿ ಗೆಲುವಿತ್ತು.

"ಬತ್ತಾರಂತೆ. ಹೆಣ್ಣುಮಗಳು ಎಷ್ಟು ಚೆಂದಾಗಿ ಮಾತಾಡ್ತು ಗೊತ್ತಾ? ತಪಾಸಣೆ ಆಗಗಂಟ ಏನೂ ಮುಟ್ಬ್ಯಾಡಿ ಅಂದ್ಲು. ನಾವೇ ರಿಪೇರಿ ಮಾಡ್ಕಂಡ್ರೆ ನಷ್ಟ ಎಷ್ಟು ಅಂತ ಗೊತ್ತಾಗಕಿಲ್ವಂತೆ."

ಮಾರನೆಯ ದಿನ ಪಕ್ಕದ ಮನೆಯ ತೋಮಾಸಾ ಹಳೆಯ ತಗಡಿನ ನಾಲ್ಕು ಹಾಳೆ ಹೊತ್ತುಕೊಂಡು ಬಂದಳು. ಏಡಿ ಹಿಡಿದು ಮಾರುವ ಹೆಂಗಸು, ಗಂಡಸಿನಂಥ ತೋಳು. "ಹತ್ತು ಮೇಲೆ. ನಾನು ಕೆಳಗಿಂದ ಎತ್ತಿಕೊಡ್ತೀನಿ" ಎಂದಳು.

ಅನ್ಸೆಲ್ಮೊ ಕೈ ಅಡ್ಡ ಹಿಡಿದ. "ಬ್ಯಾಡ ಕನಾ. ಕಂಪ್ನಿಯೋರು ಬರ್ಲಿ."

"ಕಂಪ್ನಿಯೋರು! ಆ ಮುಂಡೇಮಕ್ಳು ಬರೋ ಹೊತ್ಗೆ ನಿನ್ ಮನೇಲಿ ಅಣಬೆ ಬೆಳೀತದೆ, ಕೊಯ್ಕಂಡು ಸಾರು ಮಾಡ್ಕಂಡು ಉಣ್ಣು."

"ಹೇಳವ್ರೆ ತೋಮಾಸಾ. ಹೇಳಿದ್ಮೇಲೆ ಮುಗೀತು."

ತೋಮಾಸಾ ಉಗಿದು ತಗಡು ಹೊತ್ತು ವಾಪಸು ಹೋದಳು. ಆ ನಾಲ್ಕು ಹಾಳೆ ಬೇರೊಂದು ಮನೆಯ ಮೇಲೆ ಕೂತವು.

ಅನ್ಸೆಲ್ಮೊ ಕಾದ. ಕಬ್ಬಿನ ಗದ್ದೆಯಲ್ಲಿ ಮೇಸ್ತ್ರಿಯ ಸಿಳ್ಳೆಗೆ ಏಳುವುದು, ಸಿಳ್ಳೆಗೆ ಕೂರುವುದು, ಮೂವತ್ತು ವರ್ಷ ಅವನು ಕಲಿತದ್ದು ಅದನ್ನೇ. ಮಳೆ ಬಂದಾಗ ಹಾಸಿಗೆಯನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆದ. ಗೋಡೆಗೆ ಮೊದಲು ಹಸಿರು ಹತ್ತಿತು, ಆಮೇಲೆ ಕಪ್ಪು. ಬಟ್ಟೆಗೆ, ಅಕ್ಕಿಗೆ, ಅವನ ಎದೆಗೂ ಬೂಷ್ಟಿನ ವಾಸನೆ. ಕೆಮ್ಮು ಶುರುವಾಯಿತು.

ಎಲಾದಿಯಾ ಕೆಲಸ ಮಾಡುವ ಕಡಲತೀರದ ಹೋಟೆಲಿಗೂ ಗಾಳಿ ಹೊಡೆದಿತ್ತು. ಅಲ್ಲಿ ಮೂರನೇ ವಾರಕ್ಕೇ ವಿಮೆಯವರು ಸೂಟು ಹಾಕಿಕೊಂಡು ಬಂದು, ಊಟ ಮಾಡಿ, ಕೈಕುಲುಕಿ ಹೋದರು. ಎರಡು ತಿಂಗಳೊಳಗೆ ಹೊಸ ಸೂರು. ಎಲಾದಿಯಾ ದಿನವಿಡೀ ಬಿಳೀ ಹಾಸುಗಳನ್ನು ಇಸ್ತ್ರಿಯ ರೋಲರಿಗೆ ಕೊಡುವಳು. ಬಿಸಿಬಿಸಿಯಾಗಿ, ಗರಿಗರಿಯಾಗಿ ಬಂದದ್ದನ್ನು ಒಂದು ಗಳಿಗೆ ಕೆನ್ನೆಗೆ ಒತ್ತಿಕೊಂಡು ಮಡಚುವಳು. ಮನೆಗೆ ಬಂದು ಒದ್ದೆ ಹಾಸಿಗೆಯಲ್ಲಿ ಗಂಡನ ಬೆನ್ನು ತಿಕ್ಕುವಳು.

*

ನಾಲ್ಕನೆಯ ತಿಂಗಳಲ್ಲಿ ಕಂಪನಿಯ ಕಾರು ಬಂತು.

ಅನ್ಸೆಲ್ಮೊ ಚರ್ಚಿನ ಅಂಗಿ ತೊಟ್ಟು ಬೆಳಗ್ಗೆಯಿಂದ ಬಾಗಿಲಲ್ಲಿ ನಿಂತಿದ್ದ. ಎಲಾದಿಯಾ ಕಾಫಿ ಸೋಸಿ, ಇದ್ದ ಒಂದೇ ಪಿಂಗಾಣಿ ಬಟ್ಟಲಿಗೆ ಹಾಕಿ ಇಟ್ಟಿದ್ದಳು. ಕಾರಿನ ಗಾಜು ಅರ್ಧ ಇಳಿಯಿತು. ಒಳಗಿಂದ ತಣ್ಣನೆಯ ಗಾಳಿ, ಕಪ್ಪು ಕನ್ನಡಕ.

"ಲಬೋಯ್ ಮನೆ ಇದೇನಾ?"

"ಇದೇ ಸಾಯೇಬ್ರೆ, ಬನ್ನಿ ಬನ್ನಿ. ಏನೂ ಮುಟ್ಟಿಲ್ಲ ನಾವು. ನೀವು ಹೇಳ್ದಂಗೆ, ಒಂದು ಕಡ್ಡೀನೂ ಅತ್ತಿತ್ತ ಮಾಡಿಲ್ಲ."

ಕನ್ನಡಕದವನು ಕಿಟಕಿಯಿಂದಲೇ ಫೋನು ಚಾಚಿ ಎರಡು ಫೋಟೊ ತೆಗೆದ. ಆಮೇಲೆ ಅದೇನೆನಿಸಿತೋ, ಕಾರಿನಿಂದ ಒಂದು ಕಾಲು ಕೆಳಗಿಟ್ಟು, ಕೆಸರು ಕಂಡು, ಅದನ್ನೂ ಒಳಗೆಳೆದುಕೊಂಡ.

"ಮೇಲೆ ಹತ್ತಿ ನೋಡ್ರಪ್ಪಾ. ಒಳಗಾದ್ರೂ ಬನ್ನಿ. ಗೋಡೆ ನೋಡಿ."

"ಬೇಕಾಗಿಲ್ಲ. ಕಾಣ್ತಿದೆ."

"ಕಾಫಿ ಆದ್ರೂ…"

"ಇನ್ನೂ ಇಪ್ಪತ್ತಾರು ಮನೆ ಇದೆ ಯಜಮಾನ್ರೆ."

ಗಾಜು ಏರಿತು. ಅನ್ಸೆಲ್ಮೊ ಕಾಫಿಯ ಬಟ್ಟಲು ಹಿಡಿದು ಕಾರಿನ ಹಿಂದೆ ನಾಲ್ಕು ಹೆಜ್ಜೆ ಹೋದ. ಎಲಾದಿಯಾ ಬಾಗಿಲಲ್ಲಿ ನಿಂತು ನೋಡಿದಳು. ಮುಂದೆ ಎಷ್ಟೋ ದಿನ ಅವಳ ಕಣ್ಣಿಗೆ ಕಟ್ಟಿದ್ದು ಆ ನಾಲ್ಕು ಹೆಜ್ಜೆಗಳೇ.

ಆರು ವಾರಕ್ಕೆ ಕಾಗದ ಬಂತು. ಅನ್ಸೆಲ್ಮೊ ಅದನ್ನು ಮೂರು ಸಲ ಓದಿದ, ತುಟಿ ಅಲುಗಿಸುತ್ತಾ. ಗಾಳಿಯಿಂದ ಆದ ಹಾನಿ ಅಲ್ಪ, ಅದಕ್ಕೆ ಏನೂ ಸಿಗುವುದಿಲ್ಲ. ಉಳಿದದ್ದೆಲ್ಲ ಆಮೇಲೆ ಸುರಿದ ಮಳೆಯಿಂದ ಆದದ್ದು. ಚಂಡಮಾರುತದ ನಂತರ ಮನೆಯನ್ನು ಕಾಪಾಡಲು ಮಾಲೀಕರು ಸೂಕ್ತ ಕ್ರಮ ಕೈಗೊಂಡಿಲ್ಲವಾದ್ದರಿಂದ ಕಂಪನಿ ಹೊಣೆಯಲ್ಲ.

"ಕ್ರಮ ಅಂದ್ರೆ?" ಎಲಾದಿಯಾ ಕೇಳಿದಳು.

"ನಾನು ನೋಡ್ಕಂಡಿಲ್ವಂತೆ ಮನೇನ."

"ಮುಟ್ಬ್ಯಾಡಿ ಅಂದೋರು ಅವರೇ ಅಲ್ವಾ? ಹಲ್ಕಾ ನನ್ಮಕ್ಳು!"

"ನಾನೇ ಸರಿಯಾಗಿ ಕೇಳುಸ್ಕಂಡಿಲ್ವೇನೋ," ಎಂದ ಅನ್ಸೆಲ್ಮೊ. "ಮುಚ್ಕಂಡು ಮಡಿಕ್ಕಳಿ ಅಂದಿದ್ಲೋ ಏನೋ ಆ ಹೆಣ್ಣುಮಗಳು. ಗುಡ್ಡದ ಮೇಲೆ ಗಾಳಿ ಬತ್ತಿತ್ತು."

ಅವಳು ಬೈದಳು, ಅತ್ತಳು. ಅವನು ಎರಡನ್ನೂ ಮಾಡಲಿಲ್ಲ. ಆ ವಾರವೆಲ್ಲ ಅಪರಾಧಿಯಂತೆ ತಲೆ ತಗ್ಗಿಸಿಕೊಂಡು ತಿರುಗಿದ. ಗುರುವಾರ ಅವಳು ಬೆಳಗಿನ ಪಾಳಿಗೆ ಹೋದ ಮೇಲೆ, ಸರ್ಕಾರ ಹಂಚಿದ್ದ ನೀಲಿ ಟಾರ್ಪಾಲು ತೆಗೆದುಕೊಂಡು, ತೋಮಾಸಾಳ ಮನೆಯ ಏಣಿ ತಂದು ತಮ್ಮ ಸೂರು ಹತ್ತಿದ. ಸಣ್ಣ ಜಡಿಮಳೆ. ಅರವತ್ತೇಳು ವರ್ಷದ ಕೆಮ್ಮುವ ದೇಹ. ನಾಲ್ಕು ಮೊಳೆ ಹೊಡೆದಿದ್ದ. ಐದನೆಯದಕ್ಕೆ ಅಂಚಿಗೆ ಹೋದಾಗ ತುಕ್ಕು ಹಿಡಿದ ತಗಡು ಕಾಲಡಿಯಲ್ಲಿ ಮಡಚಿಕೊಂಡಿತು.

ಹೋಟೆಲಿಗೆ ಸುದ್ದಿ ಬಂದಾಗ ಎಲಾದಿಯಾ ರೋಲರಿಗೆ ಹಾಸು ಕೊಡುತ್ತಿದ್ದಳು. ಮೇಲ್ವಿಚಾರಕಿ, "ಈ ಗಾಡೀಲಿರೋದು ಮುಗಿಸಿ ಹೋಗ್ಬಿಡು" ಎಂದಳು. ಎಲಾದಿಯಾ ಮುಗಿಸಿ ಹೋದಳು. ಯಾಕೆ ಮುಗಿಸಿದೆ ಎಂದು ಅವಳು ಇವತ್ತಿಗೂ ತನ್ನನ್ನೇ ಕೇಳಿಕೊಳ್ಳುತ್ತಾಳೆ.

*

ಮೂರು ಪತ್ರಗಳಿಗೆ ಏಳು ತಿಂಗಳು ಹಿಡಿಯಿತು. ಕೋರ್ಟಿನವರು ಗಂಡನ ಹುಟ್ಟಿದ ದಿನ ತಪ್ಪಾಗಿದೆಯೆಂದರು, ತಿದ್ದಿಸಿದಳು. ಕಂಪನಿಯವರು ಮದುವೆ ಪತ್ರ ಹಳೆಯದಾಯಿತೆಂದರು.

"ಮದ್ವೆ ಹಳೇದು, ಪತ್ರ ಹೊಸದು ಬೇಕಾ?" ಎಂದು ಕೇಳಿ ಅದನ್ನೂ ಮಾಡಿಸಿದಳು.

ಕಡೆಗೆ ಮರುತಪಾಸಣೆಗೆ ಒಪ್ಪಿ ಕಾಗದ ಕಳಿಸಿದರು.

ಬಂದವನ ಹೆಸರು ಎಫ್ರಾಯಿನ್. ನಲವತ್ತರ ಸುಮಾರಿನ ಮನುಷ್ಯ, ಕಂಕುಳೆಲ್ಲ ಬೆವರು. ವ್ಯಾನಿನಿಂದ ಇಳಿದು ಕೈಕುಲುಕಿದ. ಒಳಗೆ ಬಂದು ಕಪ್ಪು ಗೋಡೆಗಳ ಫೋಟೊ ತೆಗೆದುಕೊಂಡ. ಕಾಫಿ ಕೊಟ್ಟರೆ ಕುಡಿದ. ವ್ಯಾನಿನ ಮೇಲಿದ್ದ ಅಲ್ಯೂಮಿನಿಯಂ ಏಣಿಯನ್ನು ತಂದು ಗೋಡೆಗೆ ಒರಗಿಸಿದಾಗ ಎಲಾದಿಯಾ ಅಂಗಳಕ್ಕೆ ಬಂದು ನಿಂತಳು. ಇಷ್ಟು ದಿನಕ್ಕೆ ಒಬ್ಬ ಮೇಲೆ ಹತ್ತಿ ನೋಡುತ್ತಿದ್ದಾನೆ.

ಎಫ್ರಾಯಿನ್ ಮೇಲೆ ಬಹಳ ಹೊತ್ತು ಇದ್ದ. ಟಾರ್ಪಾಲಿನ ಚೂರುಗಳನ್ನು ಎತ್ತಿ ನೋಡಿದ, ಅಳತೆ ತೆಗೆದ.

"ದೋನ್ಯಾ ಎಲಾದಿಯಾ, ಇಲ್ಲಿ ನಾಲ್ಕು ಮೊಳೆ ಇದೆಯಲ್ಲ, ಯಾರು ಹೊಡೆದಿದ್ದು?"

"ನನ್ ಗಂಡ."

"ಚಂಡಮಾರುತಕ್ಕೆ ಮೊದಲೋ, ಆಮೇಲೋ?"

"ಆಮೇಲೆ ಕನಪ್ಪ. ಸತ್ತೋದ್ನಲ್ಲ, ಅವತ್ತೇ."

ಅವನು ಪೆನ್ನಿನಿಂದ ಕಿವಿ ಕೆರೆದುಕೊಂಡ.

"ಹಾಗಾದ್ರೆ ಅದನ್ನ ಬರೀಲೇಬೇಕಾಗುತ್ತೆ ಅಮ್ಮ. ತಗಡಲ್ಲಿರೋ ಈ ತೂತು ಗಾಳಿಯಿಂದ ಆದದ್ದಲ್ಲ. ಮಾಲೀಕರೇ ಮಾಡಿದ್ದು ಅಂತ. ಈ ಕಡೆ ತಗಡು ಮುರಿದಿದೆಯಲ್ಲ, ಅಂಚಲ್ಲಿ, ಇದೂ ಆಮೇಲೆ ಆದದ್ದೇ ತಾನೆ?"

"ಅಲ್ಲಿಂದ್ಲೇ ಅವ್ನು ಬಿದ್ದದ್ದು."

"ಗೊತ್ತಾಯ್ತಮ್ಮ. ಆದ್ರೆ ಫಾರ್ಮಲ್ಲಿ 'ಮಾಲೀಕರಿಂದಾದ ಹಾನಿ' ಅನ್ನೋ ಕಾಲಮ್ ಮಾತ್ರ ಇರೋದು."

"ಸತ್ತದ್ದಕ್ಕೆ ಕಾಲಮ್ ಇಲ್ವಾ?"

"ಇಲ್ಲ," ಎಂದ ಅವನು ಮೆಲ್ಲಗೆ, ಬರೆಯುತ್ತಲೇ.

ಎಲಾದಿಯಾ ಏಣಿಗೆ ಎರಡೂ ಕೈ ಹಾಕಿದಳು. ಹಗುರವಾದ ಏಣಿ. ದಿನಕ್ಕೆ ನೂರಾರು ಒದ್ದೆ ಹಾಸು ಎತ್ತುವ ಕೈಗೆ ಅದು ಯಾವ ಲೆಕ್ಕ. ಗೋಡೆಯಿಂದ ಎತ್ತಿ, ಅಂಗಳ ದಾಟಿಸಿ, ದೀವಿಹಲಸಿನ ಮರದ ಬುಡಕ್ಕೆ ಎಳೆದುಕೊಂಡು ಹೋಗಿ, ಕೂತು, ತೊಡೆಯ ಮೇಲೆ ಅಡ್ಡ ಹಾಕಿಕೊಂಡಳು.

ಎಫ್ರಾಯಿನ್ ಮೊದಲು ನಕ್ಕ. "ಅಮ್ಮಾ, ಏಣಿ." ಆಮೇಲೆ ನಗು ಬಿಟ್ಟ. "ದೋನ್ಯಾ, ಏನಿದು? ಏಣಿ ಇಡಿ ಇಲ್ಲಿ. ನಾನು ಪೊಲೀಸಿಗೆ ಫೋನ್ ಮಾಡ್ಬೇಕಾಗುತ್ತೆ."

"ಮಾಡಪ್ಪ. ನಿನ್ ಕಂಪ್ನಿಯೋರು ಬರಗಂಟ ನೀನೂ ಕಾಯಿ."

"ನಾನು ಗುತ್ತಿಗೆಯವನು ಅಮ್ಮ! ಒಂದು ಮನೆಗೆ ಇಷ್ಟು ಅಂತ ಕೊಡ್ತಾರೆ. ನನ್ನನ್ನ ಹಿಡ್ಕೊಂಡ್ರೆ ಅವರಿಗೇನೂ ಆಗೋಲ್ಲ."

ಅವನು ಹೇಳುತ್ತಿರುವುದು ನಿಜವೆಂದು ಎಲಾದಿಯಾಳಿಗೆ ಗೊತ್ತಿತ್ತು. ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಕೈ ಏಣಿಯನ್ನು ಬಿಡಲಿಲ್ಲ.

ಗಲಾಟೆ ಕೇಳಿ ತೋಮಾಸಾ ಬಂದಳು. ಕೈಯಲ್ಲಿ ಕಾಲು ಕಟ್ಟಿದ ಏಡಿಗಳ ಗೊಂಚಲು. ಸೂರಿನ ಮೇಲಿನ ಮನುಷ್ಯನನ್ನು ನೋಡಿದಳು, ಮರದ ಕೆಳಗಿನ ಹೆಂಗಸನ್ನು ನೋಡಿದಳು. ಏಡಿಗಳನ್ನು ನೆಲಕ್ಕಿಟ್ಟು, ಏಣಿಯ ಇನ್ನೊಂದು ತುದಿಯ ಮೇಲೆ ಕೂತಳು.

ಕಡಲ ಕಡೆಯಿಂದ ಮೋಡ ಬಂತು. ದಪ್ಪ ಹನಿ ತಗಡಿನ ಮೇಲೆ ಬೀಳತೊಡಗಿದವು. ಎಫ್ರಾಯಿನ್ ಕಾಗದಗಳನ್ನು ಅಂಗಿಯೊಳಗೆ ತುರುಕಿಕೊಂಡು, ಇಳಿಯಲು ದಾರಿ ಹುಡುಕುತ್ತ ಅತ್ತ ಇತ್ತ ನಡೆದ. ಗಂಡಸಿನ ಭಾರಕ್ಕೆ ತಗಡು ಕಿರುಗುಟ್ಟುತ್ತಿತ್ತು. ಈ ಬದಿಗೆ ನಾಲ್ಕು ಹೆಜ್ಜೆ. ನಿಂತಿತು. ಆ ಬದಿಗೆ ಎರಡು. ಎಲಾದಿಯಾ ತಲೆ ಎತ್ತಿದಳು. ಮಳೆಯಲ್ಲಿ ಅವಳಿಗೆ ಮುಖ ಕಾಣಲಿಲ್ಲ, ಮುರಿದ ಅಂಚಿನತ್ತ ಸರಿಯುತ್ತಿದ್ದ ಎರಡು ಕಾಲು ಮಾತ್ರ ಕಂಡವು.

"ಅಂಚಿಗೆ ಬರ್ಬ್ಯಾಡಾ!" ಅವಳು ಕಿರುಚಿದಳು. ಅಷ್ಟು ದೊಡ್ಡ ದನಿ ತನ್ನೊಳಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ತುಕ್ಕು ಹಿಡಿದದೆ ಅಲ್ಲಿ! ನಡುವೆ ಕೂತ್ಕೊ, ನಡುವೆ! ಕೂತ್ಕೊಳೊ ನನ್ನಪ್ಪಾ!"

ಆ ಮನುಷ್ಯ ಸೂರಿನ ನಡುವೆ ಕುಕ್ಕರಿಸಿದ. ಮಳೆ ಜೋರಾಯಿತು. ಎಲಾದಿಯಾ ಏಣಿಯನ್ನು ಎದೆಗೆ ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.